ಓದುಗರ ಪ್ರಶ್ನೆ, ಹೆಲಿಕಾಪ್ಟರ್ ಬೋಧಕರ ಉತ್ತರ

ಈ ಸಂಚಿಕೆಯ ಪ್ರಶ್ನೋತ್ತರ ಅಂಕಣದಲ್ಲಿ ಉತ್ತರಿಸುತ್ತಿರುವವರು ವಾಯುಪಡೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿಯೂ ಆ ಬಳಿಕ ಹಾರಾಟದ ಬೋಧಕರಾಗಿಯೂ ಸೇವೆ ಸಲ್ಲಿಸಿ, ವಿಂಗ್ ಕಮಾಂಡರ್ ಹುದ್ದೆಯಿಂದ ನಿವೃತ್ತರಾಗಿ, ಈಗ ಯಲಹಂಕ ಉಪನಗರದಲ್ಲಿ ನೆಲೆಸಿರುವ ಹಿರಿಯರು. ಹೆಸರು ಪ್ರಕಟಿಸಬಾರದೆಂಬುದು ಅವರು ಹಾಕಿದ ಒಂದೇ ಷರತ್ತು. ಓದುಗರಿಂದ ಬಂದ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಉದ್ದನೆಯವನ್ನು ಸಂಕ್ಷೇಪಿಸಿ ಇಲ್ಲಿ ಕೊಟ್ಟಿದ್ದೇವೆ. – ಸಂ.

ಪ್ರಶ್ನೆ: ವಿಮಾನಕ್ಕಿಂತ ಹೆಲಿಕಾಪ್ಟರ್ ಹಾರಿಸುವುದು ಕಷ್ಟ ಎನ್ನುತ್ತಾರೆ. ಇದು ನಿಜವೇ? ಹೊಸ ವಿದ್ಯಾರ್ಥಿಗೆ ಮೊದಲು ಏನನ್ನು ಕಲಿಸುತ್ತೀರಿ?
– ಪಿಯುಸಿ ವಿದ್ಯಾರ್ಥಿ, ಮಲ್ಲೇಶ್ವರ

ಉತ್ತರ: ಮೊದಲ ಕೆಲವು ವಾರಗಳ ಮಟ್ಟಿಗೆ ನಿಜ. ವಿಮಾನವನ್ನು ತಕ್ಕ ವೇಗದಲ್ಲಿ ನೆಟ್ಟಗೆ ನಿಲ್ಲಿಸಿ ಕೈ ಸಡಿಲ ಬಿಟ್ಟರೆ ಅದು ಬಹುಮಟ್ಟಿಗೆ ತನ್ನ ಪಾಡಿಗೆ ತಾನು ಸಾಗುತ್ತದೆ. ಗಾಳಿಯಲ್ಲಿ ಒಂದೇ ಕಡೆ ನಿಂತ ಹೆಲಿಕಾಪ್ಟರ್‌ಗೆ, ಅದರಲ್ಲೂ ನಾನು ಕಲಿಸಿದ ಚೇತಕ್‌ನಂಥ ಹಳೆಯ ತಲೆಮಾರಿನ ಯಂತ್ರಕ್ಕೆ, ಆ ಗುಣವಿಲ್ಲ. ಕೈಬಿಟ್ಟರೆ ಕೆಲವೇ ಕ್ಷಣಗಳಲ್ಲಿ ಯಾವುದಾದರೂ ಒಂದು ಕಡೆಗೆ ವಾಲಿ ಹೊರಟೇಬಿಡುತ್ತದೆ.

ಹೆಲಿಕಾಪ್ಟರ್ ವಿಭಾಗಕ್ಕೆ ಬರುವ ವಿದ್ಯಾರ್ಥಿ ಅಷ್ಟರಲ್ಲಾಗಲೇ ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಸಣ್ಣ ವಿಮಾನವನ್ನು ಒಬ್ಬನೇ ಹಾರಿಸಿ ಬಂದಿರುತ್ತಾನೆ. ಹಕೀಂಪೇಟೆಯ ಹೆಲಿಕಾಪ್ಟರ್ ತರಬೇತಿ ಶಾಲೆಗೆ ಕಾಲಿಡುವಾಗ ತನಗೆ ಹಾರುವುದು ಗೊತ್ತು ಎಂಬ ಧೈರ್ಯ ಅವನ ನಡಿಗೆಯಲ್ಲೇ ಕಾಣುತ್ತದೆ. ನೆಲದಿಂದ ಎರಡು ಮೂರು ಮೀಟರ್ ಮೇಲೆ ಚೇತಕ್ ಅನ್ನು ನಿಲ್ಲಿಸಿಕೊಟ್ಟು ‘ಇದನ್ನು ಇಲ್ಲೇ ಇಟ್ಟುಕೊಳ್ಳಪ್ಪ’ ಎಂದರೆ, ಅರ್ಧ ನಿಮಿಷದೊಳಗೆ ಆ ಯಂತ್ರ ಇಡೀ ಮೈದಾನವನ್ನು ಅಳೆದು ಬಂದಿರುತ್ತದೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ಅಳೆದಿದ್ದೇನೆ. ಅಳೆಯದವರು ಯಾರೂ ಇಲ್ಲ.

ಇದಕ್ಕೆ ಕಾರಣ ಸರಳವಾಗಿದೆ. ಎಡಗೈಯಲ್ಲಿರುವ ಕಲೆಕ್ಟಿವ್ ಎಂಬ ಸನ್ನೆಕೋಲನ್ನು ಮೇಲೆತ್ತಿದರೆ ತಲೆಯ ಮೇಲೆ ತಿರುಗುವ ರೋಟರಿನ ಎಲ್ಲ ರೆಕ್ಕೆಗಳ ಓರೆಯೂ ಒಮ್ಮೆಗೇ ಹೆಚ್ಚಿ ಯಂತ್ರ ಮೇಲೇರುತ್ತದೆ. ಬಲಗೈಯಲ್ಲಿರುವ ಸೈಕ್ಲಿಕ್ ಎಂಬ ದಂಡವನ್ನು ಯಾವ ಕಡೆಗೆ ಒತ್ತುತ್ತೇವೋ ಆ ಕಡೆಗೆ ರೋಟರಿನ ರೆಕ್ಕೆಗಳು ತಿರುಗುತ್ತಾ ಮೂಡಿಸುವ ತಟ್ಟೆ ವಾಲಿ ಯಂತ್ರವನ್ನು ಎಳೆದೊಯ್ಯುತ್ತದೆ. ಕಾಲಡಿಯ ಪೆಡಲುಗಳು ಬಾಲದ ರೋಟರನ್ನು ಹಿಡಿತದಲ್ಲಿಟ್ಟು ಮೂತಿ ಎತ್ತ ತಿರುಗಬೇಕೆಂಬುದನ್ನು ನಿರ್ಧರಿಸುತ್ತವೆ. ತೊಡಕೆಂದರೆ ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಚೇತಕ್‌ನ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುವುದರಿಂದ, ಕಲೆಕ್ಟಿವ್ ಎತ್ತಿದೊಡನೆ ಮೂತಿ ಎಡಕ್ಕೆ ಹೊರಳುತ್ತದೆ. ಅದನ್ನು ತಡೆಯಲು ಬಲ ಪೆಡಲ್ ಒತ್ತಬೇಕು. ಪೆಡಲ್ ಒತ್ತಿದರೆ ಬಾಲದ ರೋಟರಿನ ನೂಕು ಬಲ ಬದಲಾಗಿ ಯಂತ್ರ ಪಕ್ಕಕ್ಕೆ ಸರಿಯತೊಡಗುತ್ತದೆ. ಅದಕ್ಕೆ ಸೈಕ್ಲಿಕ್ ಬೇಕು. ಸೈಕ್ಲಿಕ್ ಸರಿಸಿದರೆ ಎತ್ತರ ಬದಲಾಗಿ ಮತ್ತೆ ಕಲೆಕ್ಟಿವ್ ಬೇಕು. ಆದ್ದರಿಂದ ಬೋಧಕ ಮೂರನ್ನೂ ಒಮ್ಮೆಗೇ ಕೊಡುವುದಿಲ್ಲ. ಮೊದಲು ಪೆಡಲ್ ಮಾತ್ರ, ಅದು ಹಿಡಿತಕ್ಕೆ ಬಂದ ಮೇಲೆ ಕಲೆಕ್ಟಿವ್, ಕೊನೆಗೆ ಸೈಕ್ಲಿಕ್; ಉಳಿದದ್ದನ್ನೆಲ್ಲ ತಾನೇ ಹಿಡಿದುಕೊಂಡಿರುತ್ತಾನೆ.

ಇನ್ನೆರಡು ಸಂಗತಿಗಳನ್ನು ಕಲಿಸಬೇಕಾಗುತ್ತದೆ. ಒಂದು, ಕಣ್ಣು. ವಿದ್ಯಾರ್ಥಿ ಮೂತಿಯ ಕೆಳಗಿನ ಹುಲ್ಲನ್ನೇ ದಿಟ್ಟಿಸುತ್ತಾನೆ. ತುಂಬಿದ ಕೊಡ ಹೊತ್ತು ಬರುವ ಹೆಂಗಸು ಕೊಡದ ಕಡೆ ನೋಡುವುದಿಲ್ಲ, ದಾರಿಯನ್ನು ನೋಡುತ್ತಾಳೆ. ಹಾಗೆ ದೂರದ ಮರವನ್ನೋ ಕಟ್ಟಡವನ್ನೋ ನೋಡಿದರೆ ಯಂತ್ರ ಕದಲುವುದು ಬೇಗ ತಿಳಿಯುತ್ತದೆ. ಇನ್ನೊಂದು, ಮುಷ್ಟಿ. ಗಾಬರಿಯಾದವನ ಬೆರಳಗಂಟುಗಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ದಂಡವನ್ನು ಹಿಡಿಯುತ್ತವೆ, ಒಂದು ಅಂಗುಲ ಸಾಕಾದಲ್ಲಿ ಮೂರು ಅಂಗುಲ ಸರಿಸುತ್ತವೆ, ಯಂತ್ರ ತೂಗಾಡತೊಡಗುತ್ತದೆ. ಅದಕ್ಕೆ ಬೋಧಕರ ಹಳೆಯ ಉಪಾಯವೊಂದಿದೆ. ಬೆರಳುಗಳ ಸಂದಿನಲ್ಲಿ, ಒಂದರ ಮೇಲೆ ಇನ್ನೊಂದರ ಕೆಳಗೆ ಬರುವಂತೆ, ಒಂದು ಪೆನ್ಸಿಲ್ ಸಿಕ್ಕಿಸಿ ದಂಡ ಹಿಡಿಯಲು ಹೇಳುವುದು. ಮುಷ್ಟಿ ಬಿಗಿಯಾದರೆ ಪೆನ್ಸಿಲ್ ಬೆರಳನ್ನು ಒತ್ತಿ ನೋಯಿಸುತ್ತದೆ. ಬೋಧಕ ಹತ್ತು ಸಲ ‘ಸಡಿಲ ಬಿಡು’ ಎಂದು ಹೇಳುವ ಮಾತನ್ನು ಆ ಪೆನ್ಸಿಲ್ ಒಂದೇ ಸಲಕ್ಕೆ ಹೇಳಿ ಮುಗಿಸುತ್ತದೆ.

ಪ್ರಶ್ನೆ: ಕಾರಿನಲ್ಲಿ ನಾವು ಬಲಗಡೆ ಕೂರುತ್ತೇವೆ, ವಿಮಾನದ ಕ್ಯಾಪ್ಟನ್ ಎಡಗಡೆ ಕೂರುತ್ತಾರೆ. ಹೆಲಿಕಾಪ್ಟರ್‌ನಲ್ಲಿ ಹೇಗೆ?
– ಕ್ಯಾಬ್ ಚಾಲಕರು, ಹೆಬ್ಬಾಳ

ಉತ್ತರ: ಬಹುಪಾಲು ಹೆಲಿಕಾಪ್ಟರ್‌ಗಳಲ್ಲಿ ಮುಖ್ಯ ಪೈಲಟ್ ಬಲಗಡೆ, ಬೋಧಕ ಎಡಗಡೆ. ಚೇತಕ್‌ನಲ್ಲಿಯೂ ಹಾಗೆಯೇ. ರಷ್ಯಾದ ಎಂಐ-17ರಲ್ಲಿ ಮಾತ್ರ ಕ್ಯಾಪ್ಟನ್ ಎಡಗಡೆ ಕೂರುತ್ತಾರೆ. ಅದಕ್ಕೆ ಬದಲಾದವರಿಗೆ ಕೆಲವು ದಿನ ಕಸಿವಿಸಿಯಾಗುವುದುಂಟು.

ಪ್ರಶ್ನೆ: ನನ್ನ ಮೊಮ್ಮಗ ಕಾರು ಕಲಿಯುವಾಗ ಪಕ್ಕದಲ್ಲಿ ಕೂರಲೂ ನನಗೆ ಭಯ. ಆಕಾಶದಲ್ಲಿ ಹುಡುಗರ ಕೈಗೆ ಯಂತ್ರ ಕೊಟ್ಟು ಪಕ್ಕದಲ್ಲಿ ಹೇಗೆ ಕೂರುತ್ತಿದ್ದಿರಿ? ಅವರು ತಪ್ಪಿದಾಗ ಯಾವಾಗ ನೀವು ಕೈ ಹಾಕುತ್ತಿದ್ದಿರಿ?
– ಗೃಹಿಣಿ, ಬಸವನಗುಡಿ

ಉತ್ತರ: ಅಮ್ಮಾ, ಬೋಧಕನ ವೃತ್ತಿಯಲ್ಲಿ ಇರುವುದೆಲ್ಲ ನೀವು ಕೇಳಿದ ಆ ಎರಡನೆಯ ಪ್ರಶ್ನೆಯಲ್ಲೇ ಇದೆ. ಚೆನ್ನಾಗಿ ಹಾರಿಸಬಲ್ಲವರು ವಾಯುಪಡೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಾನು ಚೆನ್ನಾಗಿ ಮಾಡಬಲ್ಲ ಕೆಲಸವನ್ನು ಪಕ್ಕದವನು ಕೆಟ್ಟದಾಗಿ ಮಾಡುತ್ತಿರುವಾಗ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಬಲ್ಲವರು ಕಡಿಮೆ.

ಬೇಗ ಕೈ ಹಾಕಿದರೆ ವಿದ್ಯಾರ್ಥಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದನ್ನು ಎಂದಿಗೂ ಕಲಿಯುವುದಿಲ್ಲ. ಯಂತ್ರ ವಾಲಿದೊಡನೆ ಅವನ ಕಿವಿ ಬೋಧಕನ ದನಿಗಾಗಿ ಕಾಯತೊಡಗುತ್ತದೆ. ತಡವಾಗಿ ಕೈ ಹಾಕಿದರೆ ಇಬ್ಬರೂ ಉಳಿಯುವುದಿಲ್ಲ. ಈ ಎರಡರ ನಡುವಿನ ಜಾಗವನ್ನು ಆ ಕ್ಷಣದ ಮನಸ್ಸಿಗೆ ಬಿಡಬಾರದು. ಹೊರಡುವ ಮೊದಲೇ ಬೋಧಕ ತನ್ನೊಳಗೆ ಗೆರೆ ಎಳೆದುಕೊಂಡಿರಬೇಕು: ಇಷ್ಟು ಎತ್ತರಕ್ಕಿಂತ ಕೆಳಗೆ ಇಳಿದರೆ, ಬಾಲ ಇಷ್ಟು ತಗ್ಗಿದರೆ, ಇಷ್ಟು ವೇಗದಲ್ಲಿ ನೆಲ ಹತ್ತಿರವಾದರೆ ಯಂತ್ರ ನನ್ನದು. ಆ ಗೆರೆಯವರೆಗೆ ತಪ್ಪು ವಿದ್ಯಾರ್ಥಿಯ ಆಸ್ತಿ. ಗೆರೆ ಎಲ್ಲಿರಬೇಕೆಂಬುದು ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ, ಬೋಧಕನ ಆ ದಿನದ ದಣಿವಿನಿಂದಲೂ, ಬದಲಾಗುತ್ತದೆ. ನಿದ್ದೆಗೆಟ್ಟ ದಿನ ಗೆರೆಯನ್ನು ಸ್ವಲ್ಪ ಮೇಲಕ್ಕೆ ಎಳೆದುಕೊಳ್ಳುವುದು ಜಾಣತನ.

ಯಂತ್ರವನ್ನು ಪಡೆಯುವುದಕ್ಕೂ ಕೊಡುವುದಕ್ಕೂ ಒಂದು ಕಟ್ಟುನಿಟ್ಟಾದ ಮಾತಿನ ಕ್ರಮವಿದೆ. ‘ಐ ಹ್ಯಾವ್ ಕಂಟ್ರೋಲ್ಸ್’ ಎಂದು ಒಬ್ಬ ಹೇಳಬೇಕು, ‘ಯು ಹ್ಯಾವ್ ಕಂಟ್ರೋಲ್ಸ್’ ಎಂದು ಇನ್ನೊಬ್ಬ ಮರುನುಡಿದು ಕೈ ತೆಗೆಯಬೇಕು. ಇದನ್ನು ತಲೆಹರಟೆ ಶಿಸ್ತು ಎಂದು ಹೊಸಬರು ಭಾವಿಸುವುದುಂಟು. ಇಬ್ಬರೂ ಹಿಡಿದಿದ್ದಾರೆ ಎಂಬ ಸ್ಥಿತಿ ಕೆಟ್ಟದ್ದು. ಇನ್ನೊಬ್ಬ ಹಿಡಿದಿದ್ದಾನೆಂದುಕೊಂಡು ಇಬ್ಬರೂ ಬಿಟ್ಟಿರುವ ಸ್ಥಿತಿ ಅದಕ್ಕಿಂತ ಕೆಟ್ಟದ್ದು.

ಈ ಕಲೆಯನ್ನು ಕಲಿಸಲಿಕ್ಕೇ ಒಂದು ಶಾಲೆಯಿದೆ. 1948ರಲ್ಲಿ ಅಂಬಾಲದಲ್ಲಿ ಆರಂಭವಾಗಿ 1954ರಲ್ಲಿ ಚೆನ್ನೈ ಬಳಿಯ ತಾಂಬರಂಗೆ ಬಂದ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಸ್ಕೂಲ್‌ನಲ್ಲಿ ಮೂರೂ ಪಡೆಗಳ ಪೈಲಟ್‌ಗಳು ಬೋಧಕರಾಗಲು ತರಬೇತಿ ಪಡೆಯುತ್ತಾರೆ, ಸ್ನೇಹಪರ ದೇಶಗಳ ಅಧಿಕಾರಿಗಳೂ ಬರುತ್ತಾರೆ. ಅಲ್ಲಿ ಅನುಭವಿ ಪೈಲಟ್ ಮತ್ತೆ ವಿದ್ಯಾರ್ಥಿಯಾಗಿ ‘ಪ್ಯಾಟರ್’ ಕಲಿಯಬೇಕು. ಅಂದರೆ ಕೈ ಏನು ಮಾಡುತ್ತಿದೆಯೋ ಅದನ್ನು ಬಾಯಿ ಅದೇ ಕ್ಷಣದಲ್ಲಿ, ಮುಂಚೆಯೂ ಅಲ್ಲದೆ ಆಮೇಲೆಯೂ ಅಲ್ಲದೆ, ಅಳತೆಯ ಮಾತಿನಲ್ಲಿ ಹೇಳುತ್ತಿರಬೇಕು. ವರ್ಷಗಟ್ಟಲೆ ಕೈಗೆ ತಾನಾಗಿಯೇ ಬರುತ್ತಿದ್ದದ್ದನ್ನು ಮಾತಾಗಿಸಹೊರಟಾಗ ಒಳ್ಳೊಳ್ಳೆಯ ಪೈಲಟ್‌ಗಳ ಹಾರಾಟವೇ ಕೆಲವು ದಿನ ಕೆಡುತ್ತದೆ. ಅಲ್ಲಿಂದ ಹೊರಬಂದ ಮೇಲೂ ಬೋಧಕನ ದರ್ಜೆಯನ್ನು ಪರೀಕ್ಷೆಗಳ ಮೂಲಕ ಮೇಲೇರಿಸಿಕೊಳ್ಳುತ್ತಾ ಹೋಗಬೇಕು. ಒಮ್ಮೆ ಗುರುವಾದವನು ಕಡೆಯವರೆಗೂ ಗುರು ಎಂಬ ಸೌಕರ್ಯ ಅಲ್ಲಿಲ್ಲ.

ಭಯದ ಬಗ್ಗೆ ಕೇಳಿದ್ದೀರಿ. ಹಾರಾಟದಲ್ಲಿ ಭಯಕ್ಕೆ ಪುರುಸೊತ್ತಿರುವುದಿಲ್ಲ. ನನ್ನ ಮಟ್ಟಿಗೆ ಭಾರವಾಗಿದ್ದದ್ದು ಬೇರೆಯದು. ಎಷ್ಟು ಕಲಿಸಿದರೂ ಕೆಲವು ಹುಡುಗರಿಗೆ ಆ ಸಮತೋಲನ ನಿಗದಿಯಾದ ಅವಧಿಯೊಳಗೆ ಬರುವುದಿಲ್ಲ. ಬುದ್ಧಿವಂತರು, ಶ್ರಮಜೀವಿಗಳು, ಊರಿನಲ್ಲಿ ‘ನಮ್ಮ ಹುಡುಗ ಪೈಲಟ್ ಆಗುತ್ತಾನೆ’ ಎಂದು ಹಬ್ಬ ಮಾಡಿ ಕಳುಹಿಸಿದ ಮನೆಗಳಿಂದ ಬಂದವರು. ಇನ್ನೊಬ್ಬ ಬೋಧಕನೊಡನೆ ಹಾರಿಸಿ ನೋಡಿ, ಹೆಚ್ಚುವರಿ ಪಾಠ ಕೊಟ್ಟು, ಕೊನೆಗೆ ಇವನ ಹಾರಾಟದ ತರಬೇತಿ ನಿಲ್ಲಿಸುವುದು ಲೇಸೆಂದು ಬರೆಯಬೇಕಾಗುತ್ತದೆ. ಅಂಥವರು ಬೇರೆ ಶಾಖೆಗಳಲ್ಲಿ ಸೊಗಸಾದ ಅಧಿಕಾರಿಗಳಾಗಿದ್ದಾರೆ. ಆದರೂ ಆ ಸಂಜೆ ಆ ಹುಡುಗನ ಎದುರು ಕುಳಿತು ಹೇಳುವಾಗ ಯಾವ ತಾಂಬರಂ ಪಾಠವೂ ನೆರವಿಗೆ ಬರುವುದಿಲ್ಲ. ಮನೆಗೆ ಫೋನ್ ಮಾಡುವಾಗ ಜೊತೆಗಿರಲೇ ಎಂದು ಮಾತ್ರ ಕೇಳುತ್ತಿದ್ದೆ.

ಪ್ರಶ್ನೆ: ಎಂಜಿನ್ ನಿಂತರೆ ವಿಮಾನ ತೇಲಿಕೊಂಡಾದರೂ ಇಳಿಯುತ್ತದೆ. ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂಬುದು ಸರಿಯೇ?
– ಕಾರ್ಖಾನೆ ಮೇಲ್ವಿಚಾರಕರು, ಪೀಣ್ಯ

ಉತ್ತರ: ಸರಿಯಲ್ಲ. ಎಂಜಿನ್ ನಿಂತರೂ ರೋಟರ್ ಅದರಿಂದ ಬಿಡಿಸಿಕೊಂಡು ತನ್ನಷ್ಟಕ್ಕೆ ತಿರುಗುವಂತಹ ವ್ಯವಸ್ಥೆ ಗೇರ್‌ಬಾಕ್ಸಿನಲ್ಲಿದೆ. ಪೈಲಟ್ ಮಾಡಬೇಕಾದ ಮೊದಲ ಕೆಲಸ ಕಲೆಕ್ಟಿವ್ ಅನ್ನು ತಡಮಾಡದೆ ಕೆಳಗಿಳಿಸುವುದು. ರೆಕ್ಕೆಗಳ ಓರೆ ಕಡಿಮೆಯಾದಾಗ, ಯಂತ್ರ ಇಳಿಯುತ್ತಿರುವಂತೆ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ. ನೆಲ ಸಮೀಪಿಸಿದಾಗ ಮೂತಿಯೆತ್ತಿ ವೇಗ ಕುಗ್ಗಿಸಿ, ರೋಟರಿನಲ್ಲಿ ಉಳಿಸಿಕೊಂಡಿದ್ದ ಆ ಸುತ್ತುವ ಶಕ್ತಿಯನ್ನೆಲ್ಲ ಕಲೆಕ್ಟಿವ್ ಎತ್ತಿ ಒಂದೇ ಸಲ ಖರ್ಚು ಮಾಡಿ ಮೆತ್ತಗೆ ಇಳಿಯಬೇಕು. ಇದಕ್ಕೆ ಆಟೊರೊಟೇಷನ್ ಎನ್ನುತ್ತಾರೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ಪದೇ ಪದೇ ಅಭ್ಯಾಸ ಮಾಡುತ್ತಾನೆ. ಎರಡನೆಯ ಅವಕಾಶವಿಲ್ಲದ ಇಳಿಕೆ ಇದು.

ಇದರ ಅತ್ಯಂತ ದೊಡ್ಡ ಉದಾಹರಣೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. 1972ರ ಜೂನ್ 21ರಂದು ಫ್ರಾನ್ಸಿನ ಪರೀಕ್ಷಾ ಪೈಲಟ್ ಜಾನ್ ಬುಲೆ ಅವರು ‘ಲಾಮಾ’ ಹೆಲಿಕಾಪ್ಟರ್‌ನಲ್ಲಿ 12,442 ಮೀಟರ್ ಎತ್ತರಕ್ಕೇರಿ ವಿಶ್ವದಾಖಲೆ ಮಾಡಿದರು. ಆ ಎತ್ತರದಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಅಲ್ಲಿಂದ ನೆಲದವರೆಗೂ ಅವರು ಆಟೊರೊಟೇಷನ್‌ನಲ್ಲೇ ಇಳಿದರು. ಅದೇ ಲಾಮಾವನ್ನು ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ್ದು ‘ಚೀತಾ’ ಎಂಬ ಹೆಸರಿನಲ್ಲಿ. 1984ರಿಂದ ಸಿಯಾಚಿನ್ ಹಿಮನದಿಯ ಠಾಣೆಗಳಿಗೆ ಸೀಮೆಎಣ್ಣೆ, ಔಷಧ ಮುಟ್ಟಿಸಿ ಗಾಯಾಳುಗಳನ್ನು ಕೆಳಗಿಳಿಸುತ್ತಾ ಬಂದಿರುವ ಯಂತ್ರ ಅದೇ. ಅಪಾಯವಿರುವುದು ಎತ್ತರದಲ್ಲಲ್ಲ. ತೀರ ತಗ್ಗಿನಲ್ಲಿ, ನಿಧಾನವಾಗಿ ಸಾಗುವಾಗ ಎಂಜಿನ್ ಕೈಕೊಟ್ಟರೆ ರೋಟರಿಗೆ ಗಾಳಿ ಹಿಡಿಯಲು ಸಮಯವೇ ಸಿಗುವುದಿಲ್ಲ. ಪ್ರವಾಹದ ರಕ್ಷಣಾ ಕಾರ್ಯಾಚರಣೆಗಳು ನಡೆಯುವುದು ಬಹುತೇಕ ಆ ತಗ್ಗಿನಲ್ಲೇ. ಎರಡು ಎಂಜಿನ್‌ಗಳ ಹೆಲಿಕಾಪ್ಟರ್‌ಗಳನ್ನು ಅಂಥ ಕಡೆ ಕಳುಹಿಸಲು ಇಷ್ಟಪಡುವುದು ಇದೇ ಕಾರಣಕ್ಕೆ.

ಪ್ರಶ್ನೆ: 2019ರ ಪ್ರವಾಹದಲ್ಲಿ ನಮ್ಮ ಊರ ಕಡೆ ಹೆಲಿಕಾಪ್ಟರ್ ಮೇಲೆಯೇ ಸುತ್ತಿ ಇಳಿಯದೆ ಹೋಯಿತೆಂದು ಜನ ಬೇಸರಪಟ್ಟರು. ಕಣ್ಣೆದುರಿಗೆ ಶಾಲೆಯ ಮೈದಾನವಿದ್ದರೂ ಏಕೆ ಇಳಿಯುವುದಿಲ್ಲ?
– ಬಾಗಲಕೋಟೆ ಮೂಲದ ಶಿಕ್ಷಕರು, ವಿಜಯನಗರ

ಉತ್ತರ: ಆ ಒಂದು ಹಾರಾಟದಲ್ಲಿ ಪೈಲಟ್ ಏಕೆ ಹಾಗೆ ನಿರ್ಧರಿಸಿದರೆಂದು ನಾನು ಹೇಳಲಾರೆ. ಮೇಲಿನಿಂದ ಅವರಿಗೆ ಕಾಣುವುದು ಏನು ಎಂಬುದನ್ನು ಹೇಳಬಲ್ಲೆ.

ಮೈದಾನದ ತುಂಬ ಜನ ಕೈಬೀಸುತ್ತಾ ನಿಂತಿರುತ್ತಾರೆ. ಅದೇ ಮೊದಲ ತಡೆ. ಎಂಐ-17ರಂತಹ ಯಂತ್ರದ ತೂಕ ತುಂಬಿದಾಗ ಹದಿಮೂರು ಟನ್ ಮುಟ್ಟುತ್ತದೆ. ಅಷ್ಟು ತೂಕವನ್ನು ಎತ್ತಿ ಹಿಡಿಯುವ ಗಾಳಿ ಪೂರ್ತಿ ಕೆಳಕ್ಕೆ ಬಡಿಯುತ್ತದೆ. ಶಾಲೆಯ ತಗಡಿನ ಚಾವಣಿ, ಟಾರ್ಪಾಲು, ಒಣಹಾಕಿದ ಬಟ್ಟೆ ಎಲ್ಲವೂ ಹಾರುತ್ತವೆ. ಬಟ್ಟೆಯೊಂದು ಬಾಲದ ರೋಟರಿಗೆ ಸುತ್ತಿಕೊಂಡರೆ ಊರಿಗೆ ಎರಡು ಅನಾಹುತಗಳಾಗುತ್ತವೆ. ಎರಡನೆಯದು ವಿದ್ಯುತ್ ತಂತಿ. ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಹೆಲಿಕಾಪ್ಟರ್ ಪೈಲಟ್ ಕಂಬಗಳನ್ನು ಕಂಡು ತಂತಿಯನ್ನು ಊಹಿಸಿಕೊಳ್ಳುತ್ತಾನೆ. ಮೂರನೆಯದು, ನೆನೆದ ಎರೆಮಣ್ಣಿನಲ್ಲಿ ಚಕ್ರ ಹೂತರೆ ಏಳುವಾಗ ಯಂತ್ರ ಮಗುಚಬಹುದು. ಗಾಳಿ ಬಿಸಿಯಾಗಿದ್ದಷ್ಟೂ, ಸ್ಥಳ ಎತ್ತರದಲ್ಲಿದ್ದಷ್ಟೂ ಎತ್ತಬಲ್ಲ ಭಾರ ಕಡಿಮೆ ಎಂಬುದನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ 2,912 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಏಳುವ ಯಂತ್ರಕ್ಕೆ ಚೆನ್ನೈಯಲ್ಲಿದ್ದಷ್ಟು ಕಸುವು ಇರುವುದಿಲ್ಲ.

ಊರಿನವರು ಮಾಡಬಹುದಾದದ್ದು ಬಹಳವಿದೆ. ಒಬ್ಬರನ್ನು ಮಾತ್ರ ಮುಂದಾಳಾಗಿ ನಿಲ್ಲಿಸಿ ಉಳಿದವರನ್ನು ಮೈದಾನದ ಅಂಚಿನಿಂದಲೂ ಆಚೆಗೆ ಕಳುಹಿಸಿ. ಗಟ್ಟಿ ನೆಲ ಎಲ್ಲಿದೆಯೋ ಅಲ್ಲಿ ಸುಣ್ಣದಿಂದ ದೊಡ್ಡ ‘ಎಚ್’ ಅಕ್ಷರ ಬರೆಯಿರಿ. ಬಟ್ಟೆ, ತಗಡು, ಪ್ಲಾಸ್ಟಿಕ್ ತೆಗೆದುಹಾಕಿ. ದೂರದಲ್ಲಿ ಹಸಿ ಸೊಪ್ಪು ಹಾಕಿ ಸ್ವಲ್ಪ ಹೊಗೆ ಎಬ್ಬಿಸಿದರೆ ಪೈಲಟ್‌ಗೆ ಗಾಳಿಯ ದಿಕ್ಕು ತಿಳಿಯುತ್ತದೆ. ಯಂತ್ರ ಇಳಿದ ಮೇಲೆ ಸಿಬ್ಬಂದಿ ಕೈಸನ್ನೆ ಮಾಡುವವರೆಗೆ ಯಾರೂ ಕದಲಬಾರದು. ಸನ್ನೆ ಸಿಕ್ಕ ಮೇಲೂ ಪೈಲಟ್‌ನ ಕಣ್ಣಿಗೆ ಬೀಳುವಂತೆ ಮುಂದಿನಿಂದ, ತಲೆ ತಗ್ಗಿಸಿ ಹೋಗಬೇಕು. ಬಾಲದ ಕಡೆಗೆ ಎಂದಿಗೂ ಹೋಗಬಾರದು, ತಿರುಗುವ ಬಾಲದ ರೋಟರ್ ಕಣ್ಣಿಗೇ ಕಾಣುವುದಿಲ್ಲ. ಇಳಿಜಾರಿನಲ್ಲಿ ಇಳಿದಿದ್ದರೆ ಮೇಲ್ಭಾಗದಿಂದ ಹತ್ತಿರ ಬರಬಾರದು, ಆ ಬದಿಯಲ್ಲಿ ರೆಕ್ಕೆಗಳು ನೆಲಕ್ಕೆ ಹತ್ತಿರವಿರುತ್ತವೆ. ಕೊಡೆ ಬೇಡ, ತಲೆಗೆ ಟವೆಲ್ ಬೇಡ.

ಇದನ್ನು ನಾನು ಬೆಂಗಳೂರಿನ ಶಾಲೆಗಳಲ್ಲೂ ಎನ್‌ಸಿಸಿ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ನಗರದ ಮಕ್ಕಳಿಗೆ ಏಕೆ ಎಂದು ಒಬ್ಬ ಮುಖ್ಯೋಪಾಧ್ಯಾಯರು ಕೇಳಿದರು. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಬೇಸಿಗೆ ರಜೆಗೆ, ದಸರೆಗೆ ಹೋಗುವುದು ಕೃಷ್ಣಾ, ಮಲಪ್ರಭಾ, ಕಾವೇರಿ ದಂಡೆಯ ಊರುಗಳಿಗೇ ಅಲ್ಲವೇ?

ಪ್ರಶ್ನೆ: ಬಿಎಸ್‌ಸಿ ಓದುತ್ತಿದ್ದೇನೆ. ಹೆಲಿಕಾಪ್ಟರ್ ಪೈಲಟ್ ಆಗಬೇಕೆಂಬ ಆಸೆ. ಅದು ಹೆಣ್ಣುಮಕ್ಕಳಿಗಲ್ಲ ಎಂದು ಮನೆಯಲ್ಲಿ ಅನ್ನುತ್ತಾರೆ. ದಾರಿ ಯಾವುದು?
– ವಿದ್ಯಾರ್ಥಿನಿ, ಕೆಂಗೇರಿ

ಉತ್ತರ: ಮನೆಯವರಿಗೆ 1999ರ ಕಾರ್ಗಿಲ್ ಯುದ್ಧವನ್ನು ನೆನಪಿಸಿ. ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್ ಆ ಕಾರ್ಯಾಚರಣೆಯಲ್ಲಿ ಚೀತಾ ಹಾರಿಸಿದವರು. ವಾಯುಪಡೆಯಲ್ಲಿ 1990ರ ದಶಕದಿಂದಲೇ ಹೆಣ್ಣುಮಕ್ಕಳು ಹೆಲಿಕಾಪ್ಟರ್ ಹಾರಿಸುತ್ತಿದ್ದಾರೆ. ಶಾಲಿಜಾ ಧಾಮಿ ಅವರು ಬೋಧಕರೂ ಆಗಿ, 2019ರಲ್ಲಿ ಚೇತಕ್ ಘಟಕವೊಂದರ ಫ್ಲೈಟ್ ಕಮಾಂಡರ್ ಆದರು. ಭೂಸೇನೆಯಲ್ಲಿ 2022ರಲ್ಲಿ ಅಭಿಲಾಷಾ ಬರಾಕ್ ಅವರು ಸೇನಾ ವೈಮಾನಿಕ ದಳದ ಮೊದಲ ಮಹಿಳಾ ಪೈಲಟ್ ಆದರು.

ಪದವಿ ಓದುತ್ತಿರುವ ನಿಮಗೆ ಹತ್ತಿರದ ದಾರಿ ವಾಯುಪಡೆಯ ಅಧಿಕಾರಿಗಳ ಆಯ್ಕೆಗೆ ವರ್ಷಕ್ಕೆ ಎರಡು ಬಾರಿ ನಡೆಯುವ ಎಎಫ್‌ಕ್ಯಾಟ್ ಪರೀಕ್ಷೆ. ಹಾರಾಟದ ಶಾಖೆಗೆ ವಯಸ್ಸು 20ರಿಂದ 24; ಪಿಯುಸಿಯಲ್ಲಿ ಗಣಿತ ಮತ್ತು ಭೌತವಿಜ್ಞಾನ ಓದಿರಬೇಕು, ಪದವಿಯಲ್ಲಿ ಶೇ 60 ಅಂಕ ಬೇಕು. ಲಿಖಿತ ಪರೀಕ್ಷೆಯ ನಂತರ ಆಯ್ಕೆ ಮಂಡಳಿಯ ಸಂದರ್ಶನ. ಅಂಥ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಹಾರಾಟದ ಸಹಜ ಸಾಮರ್ಥ್ಯವನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಯೊಂದಿದೆ. ಅದನ್ನು ಬದುಕಿನಲ್ಲಿ ಒಂದೇ ಸಲ ಬರೆಯಲು ಅವಕಾಶ. ಒಮ್ಮೆ ನೋಡಿಬರೋಣ ಎಂದು ತಯಾರಿಯಿಲ್ಲದೆ ಹೋಗಿ ಆ ಅವಕಾಶವನ್ನು ಕಳೆದುಕೊಂಡವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ವೈದ್ಯಕೀಯ ಅಳತೆಗಳನ್ನು ಈಗಲೇ ನೋಡಿಕೊಳ್ಳಿ: ಎತ್ತರ 162.5 ಸೆಂಟಿಮೀಟರ್‌ಗೆ ಕಡಿಮೆಯಿರಬಾರದು, ಕಾಲಿನ ಉದ್ದ 99ರಿಂದ 120 ಸೆಂಟಿಮೀಟರ್ ಒಳಗಿರಬೇಕು. ಕಾಕ್‌ಪಿಟ್‌ನ ಪೆಡಲ್ ಯಾರಿಗಾಗಿಯೂ ಹತ್ತಿರ ಬರುವುದಿಲ್ಲ. ಪೈಲಟ್ ಅಭ್ಯರ್ಥಿಗಳ ವೈದ್ಯಕೀಯ ಪರೀಕ್ಷೆ ನಡೆಯುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರುವುದೂ ಬೆಂಗಳೂರಿನಲ್ಲೇ.

ಒಂದು ಮಾತು ತಿಳಿದಿರಲಿ. ಹೆಲಿಕಾಪ್ಟರನ್ನೇ ಕೊಡಿ ಎಂದು ಕೇಳಿ ಸೇರಲು ಬರುವುದಿಲ್ಲ. ದುಂಡಿಗಲ್‌ನ ಮೊದಲ ಹಂತ ಮುಗಿದ ಮೇಲೆ ನಿಮ್ಮ ಅರ್ಹತೆ, ನಿಮ್ಮ ಇಚ್ಛೆ, ಪಡೆಯ ಅಗತ್ಯ ಮೂರನ್ನೂ ನೋಡಿ ಯುದ್ಧ ವಿಮಾನ, ಸಾರಿಗೆ ವಿಮಾನ, ಹೆಲಿಕಾಪ್ಟರ್ ಎಂದು ಹಂಚುತ್ತಾರೆ. ಹೆಲಿಕಾಪ್ಟರ್ ಸಿಕ್ಕಿತೆಂದು ಸಪ್ಪೆ ಮುಖ ಮಾಡಿಕೊಂಡು ಬರುವ ಹುಡುಗರೇ ಹೆಚ್ಚು. ನೀವು ನಗುತ್ತಾ ಬಂದರೆ ಆ ಬೋಧಕನಿಗೆ ಅದೊಂದು ಹಬ್ಬ.

ಪ್ರಶ್ನೆ: ನಮ್ಮ ಮಾವ ನಿವೃತ್ತ ಹವಾಲ್ದಾರರು, ವಯಸ್ಸು 83. ಪಿಂಚಣಿ ಎರಡು ತಿಂಗಳಿಂದ ಬಂದಿಲ್ಲ. ವಿಚಾರಿಸಲು ಹೋದ ಕಡೆಯೆಲ್ಲ ಇನ್ನೊಂದು ಕಡೆ ಕೈ ತೋರಿಸುತ್ತಾರೆ. ಯಾರನ್ನು ಕೇಳುವುದು?
– ಸೊಸೆ, ಜಾಲಹಳ್ಳಿ

ಉತ್ತರ: ನಮ್ಮ ಬಡಾವಣೆಯ ಉದ್ಯಾನದ ಕಟ್ಟೆಯ ಮೇಲೆ ಭಾನುವಾರ ಬೆಳಿಗ್ಗೆ ನಾವು ಕೆಲವು ನಿವೃತ್ತರು ಇಂಥ ಕಾಗದಗಳನ್ನು ನೋಡಿಕೊಡಲು ಕೂರುತ್ತೇವೆ. ಬರುವ ದೂರುಗಳಲ್ಲಿ ಹೆಚ್ಚಿನವು ಇದೇ.

ಬಹುತೇಕ ಕಾರಣ ಜೀವಂತ ಪ್ರಮಾಣಪತ್ರ. ರಕ್ಷಣಾ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ತಾನಾಗಿಯೇ ನಿಲ್ಲುತ್ತದೆ. ಹಿಂದೆ ಬ್ಯಾಂಕಿನ ಮ್ಯಾನೇಜರ್ ಮುಖ ನೋಡಿ ಸಹಿ ಹಾಕುತ್ತಿದ್ದರು, ಹಿರಿಯರು ಇನ್ನೂ ಆ ನೆನಪಿನಲ್ಲೇ ಇದ್ದಾರೆ. ಬೆರಳಚ್ಚು ಸವೆದು ಯಂತ್ರ ಒಪ್ಪದಿದ್ದರೆ ಮುಖ ಗುರುತಿಸುವ ಆ್ಯಪ್ ಮೂಲಕ ಮನೆಯಲ್ಲೇ ಮೊಬೈಲಿನಲ್ಲಿ ಕೊಡಬಹುದು. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಕನ್ನಡಕ ತೆಗೆಸಿ. ಕೊಟ್ಟ ಮೇಲೆ ತಡೆಹಿಡಿದ ಹಣವೂ ಸೇರಿ ಬರುತ್ತದೆ. ಅದರಿಂದಲೂ ಆಗದಿದ್ದರೆ ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕಗಳು ಪಿಂಚಣಿ ಆದೇಶದೊಡನೆ ಹೊಂದುತ್ತವೆಯೇ ನೋಡಿ. ಅಪ್ಪನ ಹೆಸರು, ಊರಿನ ಹೆಸರು ಹಿಂದೆ ಮುಂದಾಗಿರುವುದು ನಮ್ಮ ಕಡೆ ಸಾಮಾನ್ಯ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಮಾವನವರ ಡಿಸ್‌ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವಿಷ್ಟನ್ನು ಒಯ್ಯಿರಿ.

ಅದೇ ದಿನ ಇನ್ನೊಂದು ಕೆಲಸವನ್ನೂ ಮುಗಿಸಿಬಿಡಿ. ಅತ್ತೆಯವರ ಹೆಸರು, ಜನ್ಮದಿನಾಂಕ ದಾಖಲೆಯಲ್ಲಿ ಸರಿಯಾಗಿವೆಯೇ ಎಂದು ಈಗಲೇ ನೋಡಿಸಿ. ಮಾವನವರು ಇರುವಾಗ ಅದು ಒಂದು ಅರ್ಜಿಯ ಕೆಲಸ, ಆಮೇಲೆ ಅದು ಆ ಹೆಣ್ಣುಮಗಳ ವರ್ಷಗಟ್ಟಲೆ ಅಲೆದಾಟ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡು ಇದ್ದರೆ, ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕೆಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಶಾಲು ಹೊದಿಸಿ ಹಾರ ಹಾಕುವವರು ಬಹಳ ಮಂದಿ ಸಿಗುತ್ತಾರೆ. ಈ ಕಾಗದಗಳನ್ನು ಓದಿ ಹೇಳುವ ಒಬ್ಬ ಕಾಲೇಜು ಹುಡುಗ ಸಿಕ್ಕರೆ ನನಗೆ ಅವನೇ ಹೆಚ್ಚು.

ಪ್ರಶ್ನೆ: ನಮ್ಮ ಬಡಾವಣೆಯ ಸಂಘದಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರು ಎಲ್ಲರಿಗೂ ಆಜ್ಞೆ ಮಾಡುತ್ತಾರೆ. ಕೆಲಸವಾಗುತ್ತದೆ, ಆದರೆ ಸಭೆಗೆ ಜನ ಬರುವುದು ನಿಂತಿದೆ. ನಿಮ್ಮಲ್ಲಿ ಹೇಗೆ?
– ಸಂಘದ ಖಜಾಂಚಿ, ಸಹಕಾರನಗರ

ಉತ್ತರ: ಆ ಅಧಿಕಾರಿಗೆ ಈ ಪುಟವನ್ನು ತೋರಿಸಬೇಡಿ, ನನಗೂ ಅದೇ ಕ್ಲಬ್ಬಿನಲ್ಲಿ ಸದಸ್ಯತ್ವವಿದೆ.

2024ರ ಅಕ್ಟೋಬರ್ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಬೇಕಾಗಿ ಬಂದದ್ದು ನಿಮಗೂ ನೆನಪಿರಬಹುದು. ಅದಾದ ಮೇಲೆ ನಮ್ಮ ಬೀದಿಯವರೂ ಮಳೆಗಾಲದ ಸಿದ್ಧತೆಗೆ ಕೂತರು. ನೆಲಮಹಡಿಯಲ್ಲಿ ಒಬ್ಬರೇ ಇರುವ ಹಿರಿಯರು ಯಾರು, ಆಮ್ಲಜನಕ ಯಂತ್ರ, ಇನ್ಸುಲಿನ್ ಬೇಕಾದವರು ಯಾರು, ಸಂಪಿನ ಪಂಪ್ ನಿಲ್ಲಿಸಬಲ್ಲವರು ಯಾರು, ಲೈನ್‌ಮನ್‌ನ ಸಂಖ್ಯೆ ಯಾರ ಬಳಿ ಇದೆ, ರಾಜಕಾಲುವೆಯ ಜಾಲರಿಯನ್ನು ಮೊದಲ ಮಳೆಗೆ ಮುನ್ನ ಯಾರು ನೋಡಿಬರುತ್ತಾರೆ ಎಂಬ ಪಟ್ಟಿ ಬೇಕಿತ್ತು. ನಾನು ಒಂದು ಸಂಜೆಯಲ್ಲಿ ಬರೆದು ಮುಗಿಸಬಹುದಾಗಿದ್ದ ಪಟ್ಟಿ ಅದು. ಬರೆಯಲಿಲ್ಲ. ಎದುರು ಮನೆಯ ಪದವಿ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟೆವು. ಅವಳು ಮನೆಮನೆಗೆ ಹೋಗಿ ಮಾಡಿದ ಮೊದಲ ಪಟ್ಟಿಯಲ್ಲಿ ನಮ್ಮ ಮನೆಯೇ ಬಿಟ್ಟುಹೋಗಿತ್ತು. ಬಾಯಿ ತೆರೆಯಲು ಬಹಳ ಮನಸ್ಸಾಯಿತು, ತೆರೆಯಲಿಲ್ಲ, ಎರಡನೆಯ ಸುತ್ತಿನಲ್ಲಿ ಅವಳೇ ಕಂಡುಹಿಡಿದಳು. ಪಂಪಿನ ಸ್ವಿಚ್‌ನ ವಿಷಯದಲ್ಲಿ ಮಾತ್ರ ನಾನು ಕೂಡಲೇ ಅಡ್ಡಬಂದೆ, ನೀರಿನಲ್ಲಿ ನಿಂತು ವಿದ್ಯುತ್ ಮುಟ್ಟುವುದು ಕಲಿಯುವವರ ತಪ್ಪಿಗೆ ಬಿಡುವ ಸಂಗತಿಯಲ್ಲ.

ಹಾರಾಟದಿಂದ ನಾವು ತಂದುಕೊಂಡ ಇನ್ನೊಂದು ಪದ್ಧತಿಯೆಂದರೆ ಕೆಲಸವಾದ ಮೇಲಿನ ಹತ್ತು ನಿಮಿಷದ ಡಿಬ್ರೀಫಿಂಗ್, ಅಂದರೆ ನಡೆದದ್ದನ್ನು ಎಲ್ಲರೂ ಕೂತು ಅವಲೋಕಿಸುವುದು. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ನಿವೃತ್ತ ಅಧಿಕಾರಿ ಕಟ್ಟಕಡೆಗೆ. ಇದೊಂದನ್ನು ನಿಮ್ಮ ಸಂಘದ ನಿಯಮವಾಗಿ ಮಾಡಿ ನೋಡಿ. ನಿಮ್ಮ ಅಧಿಕಾರಿಗೆ ಇದನ್ನು ‘ಸೇನೆಯ ಪದ್ಧತಿ’ ಎಂದೇ ಪರಿಚಯಿಸಿ, ಅವರು ಒಪ್ಪದಿರಲು ಕಾರಣವಿಲ್ಲ. ಅವರ ಕೈಗೆ ಪ್ರತ್ಯೇಕವಾಗಿ ರಾಜಕಾಲುವೆಯ ಜವಾಬ್ದಾರಿಯನ್ನು ಪೂರ್ತಿಯಾಗಿ ವಹಿಸಿಬಿಡಿ. ಪಾಲಿಕೆಯ ಎಂಜಿನಿಯರ್‌ಗಳ ಹಿಂದೆ ಬಿದ್ದು ಕೆಲಸ ಮಾಡಿಸಲು ಅವರ ಆ ಆಜ್ಞೆಯ ದನಿ ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.